ಮೂವರ ನಡುವೆ ಮಾತು ಸಾಗಿಸುತ್ತಿದ್ದವನು

ಲಂಡನ್ನಿನಲ್ಲಿ ಆಪ್ತಸಲಹೆಗಾರ್ತಿಯಾಗಿರುವ ನನ್ನ ಬಳಿಗೆ ಸಂಗೀತವನ್ನೇ ನಂಬಿ ಬದುಕುವ ಅನೇಕರು ಬರುತ್ತಾರೆ. ವೇದಿಕೆಯ ಭಯ, ಕೈನೋವು, ಸ್ಪರ್ಧೆಯಲ್ಲಿ ಸೋತ ದುಃಖ, ಇಷ್ಟೇ ಅವರ ತೊಂದರೆಗಳಿರಬೇಕೆಂದು ಹೊರಗಿನವರು ಊಹಿಸುತ್ತಾರೆ. ನಾನು ಪದೇ ಪದೇ ಕಾಣುವುದು ಬೇರೆಯದೇ ಒಂದನ್ನು. ಸರಿಸಮಾನರಾಗಿ ಸೇರಿ ಕಟ್ಟಿದ ಸಣ್ಣ ತಂಡದಲ್ಲಿ ಒಬ್ಬರು ಉಳಿದವರ ಅಸಮಾಧಾನಗಳನ್ನೆಲ್ಲ ಕೇಳಿಸಿಕೊಂಡು, ಅವುಗಳ ಮೊನಚು ತೆಗೆದು, ಆ ಕಡೆಯದನ್ನು ಈ ಕಡೆಗೆ ದಾಟಿಸುತ್ತ, ಕೊನೆಗೆ ತಾವೇ ಹಾಸಿಗೆ ಹಿಡಿಯುತ್ತಾರೆ. ಪಾಲುದಾರಿಕೆಯ ಹೋಟೆಲುಗಳಲ್ಲಿ, ಗೆಳೆಯರು ಸೇರಿ ತೆರೆದ ಕಂಪನಿಗಳಲ್ಲಿ, ಊರಿನ ಜಮೀನು ಪಾಲಾಗಬೇಕಾದ ಅಣ್ಣತಮ್ಮಂದಿರಲ್ಲಿ ಕೂಡ ಇದನ್ನು ನೋಡಿದ್ದೇನೆ. ಇಲ್ಲಿ ಬರೆಯುತ್ತಿರುವುದು ಒಂದು ಪಿಯಾನೋ ಟ್ರಯೋದ, ಅಂದರೆ ಪಿಯಾನೋ, ವಯೋಲಿನ್ ಮತ್ತು ಚೆಲ್ಲೋ ಎಂಬ ದೊಡ್ಡ ತಂತಿವಾದ್ಯ ನುಡಿಸುವ ಮೂವರ ತಂಡದ ಪ್ರಕರಣ. ಮೂವರ ಒಪ್ಪಿಗೆಯನ್ನೂ ಪಡೆದಿದ್ದೇನೆ. ಗುರುತು ಹತ್ತದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಬಂದವನು ವಯೋಲಿನ್ ವಾದಕ, ಇಪ್ಪತ್ತರ ಕೊನೆಯ ವಯಸ್ಸಿನವನು. ತಂದೆತಾಯಿ ಮಲೆನಾಡಿನಿಂದ ಬಂದು ಇಲ್ಲಿ ನೆಲೆಸಿದವರು. ಸಂಗೀತ ಕಾಲೇಜಿನಲ್ಲಿ ಜೊತೆಗೆ ಓದಿದ ಪಿಯಾನೋ ವಾದಕಿ ಮತ್ತು ಚೆಲ್ಲೋ ವಾದಕನೊಂದಿಗೆ ಸೇರಿ ಟ್ರಯೋ ಕಟ್ಟಿಕೊಂಡಿದ್ದ. ಸಂಗೀತ ಕಛೇರಿಗಳು ಒಂದೊಂದಾಗಿ ಸಿಗತೊಡಗಿದ್ದವು. ನಿದ್ದೆ ಬಾರದು, ದವಡೆ ನೋಯುತ್ತದೆ, ಫೋನು ಸದ್ದು ಮಾಡಿದರೆ ಎದೆ ಧಸಕ್ಕೆನ್ನುತ್ತದೆ ಎಂದು ಹೇಳಿಕೊಂಡ. ಟ್ರಯೋ ಬಿಡಬೇಕೋ ಬೇಡವೋ ಹೇಳಿ ಎಂಬುದು ಅವನ ನೇರ ಪ್ರಶ್ನೆಯಾಗಿತ್ತು.

ಅವನ ತಂದೆ ಒಮ್ಮೆ ಕಛೇರಿ ಕೇಳಿ ಬಂದು, "ಇದರಲ್ಲಿ ಮುಖ್ಯ ಕಲಾವಿದರು ಯಾರಪ್ಪ?" ಎಂದು ಕೇಳಿದ್ದರಂತೆ. ಮಗನಿಗೆ ಅದು ತಿಳಿಯದವರ ಪ್ರಶ್ನೆಯಾಗಿ ಕಂಡಿತ್ತು. ನನಗೆ ಹಾಗೆ ಕಾಣಲಿಲ್ಲ. ನಮ್ಮ ಕಛೇರಿಯಲ್ಲಿ ಗಾಯಕರು ಮಧ್ಯದಲ್ಲಿ, ಪಕ್ಕವಾದ್ಯದವರು ಅಕ್ಕಪಕ್ಕದಲ್ಲಿ. ಯಾರ ಮಾತು ಕೊನೆಯದು ಎಂಬುದು ಕೂರುವ ಜಾಗದಿಂದಲೇ ತಿಳಿಯುತ್ತದೆ. ಪಿಯಾನೋ ಟ್ರಯೋ ಕೂಡ ಮೊದಲು ಇದಕ್ಕೆ ಹತ್ತಿರವೇ ಇತ್ತು. ಹದಿನೆಂಟನೆಯ ಶತಮಾನದ ಸಂಗೀತ ರಚನಕಾರ ಹೇಡನ್ನನ ಕಾಲದಲ್ಲಿ ಇಂಥ ಕೃತಿಗಳು ವಯೋಲಿನ್ ಮತ್ತು ಚೆಲ್ಲೋಗಳ ಪಕ್ಕವಾದ್ಯವಿರುವ ಪಿಯಾನೋ ಸೊನಾಟಾಗಳೆಂದು ಅಚ್ಚಾಗುತ್ತಿದ್ದವು, ಮತ್ತು ಅವುಗಳಲ್ಲಿ ಚೆಲ್ಲೋ ಬಹುಪಾಲು ಪಿಯಾನೋ ವಾದಕರ ಎಡಗೈಯ ಸ್ವರಗಳನ್ನೇ ಹಿಂಬಾಲಿಸುತ್ತದೆ. ಬೀಥೋವನ್ 1795ರಲ್ಲಿ ತನ್ನ ಮೊದಲ ಕೃತಿಸಂಖ್ಯೆಯಡಿ ಮೂರು ಟ್ರಯೋ ಕೃತಿಗಳನ್ನು ಪ್ರಕಟಿಸಿದ ಮೇಲೆ ಸಮಾನತೆ ಸ್ವಲ್ಪ ಸ್ವಲ್ಪವಾಗಿ ಬಂದಿತು. ಆದರೆ ಕೃತಿಗಳಲ್ಲಿ ಬಂದ ಸಮಾನತೆ ತಂಡದ ವ್ಯವಹಾರಕ್ಕೆ ತಾನಾಗಿಯೇ ಇಳಿದು ಬರುವುದಿಲ್ಲ. ಪಿಯಾನೋ ವಾದಕಿಯ ಮುಂದಿನ ಪುಸ್ತಕದಲ್ಲಿ ಮೂವರ ಸ್ವರಲಿಪಿಯೂ ಇರುತ್ತದೆ, ಉಳಿದಿಬ್ಬರ ಮುಂದೆ ಅವರವರದು ಮಾತ್ರ. ಹೀಗಾಗಿ ತಾಲೀಮಿನಲ್ಲಿ ತಪ್ಪು ತೋರಿಸುವ ಕೆಲಸ ಯಾರೂ ವಹಿಸದೆಯೇ ಅವಳದಾಗಿತ್ತು. ಪಿಯಾನೋ ಇದ್ದದ್ದು ಅವಳ ಮನೆಯಲ್ಲಿ, ಆದ್ದರಿಂದ ತಾಲೀಮೂ ಅಲ್ಲಿಯೇ, ಪಕ್ಕದ ಮನೆಯವರ ತಕರಾರೂ ಅವಳಿಗೇ. ಚೆಲ್ಲೋ ವಾದಕ ವಿಮಾನ ಹತ್ತಿದರೆ ವಾದ್ಯಕ್ಕೂ ಒಂದು ಸೀಟು ಕೊಳ್ಳಬೇಕು. ಆ ಖರ್ಚು ಮೂವರದೋ ಅವನೊಬ್ಬನದೋ ಎಂದು ಯಾರೂ ಬಾಯಿಬಿಟ್ಟು ಕೇಳಿರಲಿಲ್ಲ. ಮುಖ್ಯರು ಯಾರೂ ಅಲ್ಲ ಎಂದಮೇಲೆ ಇವುಗಳನ್ನು ತೀರ್ಮಾನಿಸುವವರು ಯಾರು ಎಂಬುದು ಆ ತಂದೆಯ ಪ್ರಶ್ನೆಯೊಳಗೇ ಇತ್ತು.

ಎರಡನೆಯ ಭೇಟಿಯಲ್ಲಿ ಅವನು ತನ್ನ ಫೋನನ್ನು ನನ್ನ ಮುಂದೆ ಇಟ್ಟ. ಮೂವರೂ ಇರುವ ವಾಟ್ಸಾಪ್ ಗುಂಪಿನಲ್ಲಿ ತಾಲೀಮಿನ ಸಮಯ, ರೈಲಿನ ಸಮಯ, "ಸರಿ", ಎತ್ತಿದ ಹೆಬ್ಬೆರಳು, ಅಷ್ಟೇ ಇದ್ದದ್ದು. ಉಳಿದಿಬ್ಬರೂ ಇವನೊಬ್ಬನಿಗೇ ಬರೆದ ಸಂದೇಶಗಳು ಮಾತ್ರ ಬೆರಳಿನಿಂದ ಸರಿಸಿದಷ್ಟೂ ಮುಗಿಯುತ್ತಿರಲಿಲ್ಲ. ಪ್ರತಿಯೊಂದರ ಕೊನೆಯಲ್ಲೂ "ಇದನ್ನು ಅವಳಿಗೆ ಹೇಳಬೇಡ" ಅಥವಾ "ನೀನೇ ಅವನಿಗೆ ಸೂಕ್ಷ್ಮವಾಗಿ ಹೇಳು" ಎಂಬ ಮಾತು. ಇವನು ಸೂಕ್ಷ್ಮವಾಗಿಯೇ ಹೇಳುತ್ತಿದ್ದ. ಗ್ರ್ಯಾಂಡ್ ಪಿಯಾನೋದ ಮುಚ್ಚಳದ ವಿಷಯವನ್ನೇ ತೆಗೆದುಕೊಳ್ಳಿ. ಮುಚ್ಚಳ ಪೂರ್ತಿ ತೆರೆದರೆ ತನ್ನ ನಾದ ಮುಳುಗಿಹೋಗುತ್ತದೆ, ಅರ್ಧಕ್ಕೆ ನಿಲ್ಲಿಸಬೇಕು ಎಂದು ಚೆಲ್ಲೋ ವಾದಕ ಇವನ ಹತ್ತಿರ ಹೇಳಿದ. ಇವನು ಪಿಯಾನೋ ವಾದಕಿಯ ಬಳಿ ಹೋಗಿ, "ಈ ಸಭಾಂಗಣ ಚಿಕ್ಕದು, ಪ್ರತಿಧ್ವನಿ ಜಾಸ್ತಿ, ಇವತ್ತು ಅರ್ಧ ಸಾಕಲ್ಲವೇ" ಎಂದ. ಅವಳು ತಕ್ಷಣ ಒಪ್ಪಿದಳು. ಮುಂದಿನ ಕಛೇರಿ ದೊಡ್ಡ ಸಭಾಂಗಣದಲ್ಲಿ ಇದ್ದುದರಿಂದ, ತನಗೆ ಹೇಳಿದ ಕಾರಣವನ್ನು ನಂಬಿದ ಅವಳು ಮುಚ್ಚಳವನ್ನು ಪೂರ್ತಿ ತೆರೆದಳು. ತನ್ನ ಮಾತಿಗೆ ಇಷ್ಟೇ ಬೆಲೆ ಎಂದು ಚೆಲ್ಲೋ ವಾದಕ ಅಂದುಕೊಂಡ. ಇಬ್ಬರಲ್ಲಿ ಯಾರದೂ ತಪ್ಪಿರಲಿಲ್ಲ. ಸುದ್ದಿ ತಲುಪುವಷ್ಟರಲ್ಲಿ ಅದರ ಕಾರಣ ಬದಲಾಗಿತ್ತು. ಕಾರ್ಯಕ್ರಮದಲ್ಲಿ ಹೇಡನ್ ಇರಲಿ ಎಂದು ಪಿಯಾನೋ ವಾದಕಿ, ನಿಧಾನಗತಿಯ ಭಾಗದಲ್ಲಿ ಚೆಲ್ಲೋ ಮೊದಲು ರಾಗ ಹಿಡಿಯುವ ಶೂಬರ್ಟನ ಇ ಫ್ಲ್ಯಾಟ್ ಟ್ರಯೋ ಇರಲಿ ಎಂದು ಚೆಲ್ಲೋ ವಾದಕ ಎಳೆದಾಡುತ್ತಿದ್ದರು; ಆ ಪಟ್ಟಿಯ ಕಥೆಯೂ ಇದೇ.

ನಾನು ಅವನನ್ನು, "ಮುಚ್ಚಳ ಎಷ್ಟು ತೆರೆದಿರಬೇಕು ಎಂದು ನಿಮಗೆ ಅನ್ನಿಸುತ್ತದೆ?" ಎಂದು ಕೇಳಿದೆ. ಪಿಯಾನೋ ವಾದಕಿಯ ಕಾರಣಗಳನ್ನು ಹೇಳಿದ, ಆಮೇಲೆ ಚೆಲ್ಲೋ ವಾದಕನ ಕಾರಣಗಳನ್ನು ಹೇಳಿದ. ನಿಮಗೆ, ಎಂದು ಮತ್ತೆ ಕೇಳಿದೆ. ತುಂಬ ಹೊತ್ತು ಸುಮ್ಮನಿದ್ದು, ಗೊತ್ತಿಲ್ಲ ಎಂದ. ಪಿಯಾನೋದ ಬಾಗಿನ ಪಕ್ಕದಲ್ಲೇ ನಿತ್ಯ ಕೂತು ನುಡಿಸುವವನಿಗೆ ಆ ಬಗ್ಗೆ ಒಂದು ಅಭಿಪ್ರಾಯವಿಲ್ಲವೆಂಬುದು ನಿದ್ದೆಗೇಡಿಗಿಂತ ಗಂಭೀರವಾಗಿ ನನಗೆ ಕಂಡಿತು.

ಅಪ್ಪ ಅಮ್ಮ ಮಾತುಬಿಟ್ಟ ದಿನಗಳಲ್ಲಿ ಅಡುಗೆಮನೆಯಿಂದ ನಡುಮನೆಗೆ "ಊಟಕ್ಕೆ ಬರಬೇಕಂತೆ" ಎಂಬ ಸುದ್ದಿ ಒಯ್ಯುತ್ತಿದ್ದವನೂ ತಾನೇ ಎಂದು ಅವನಾಗಿಯೇ ಹೇಳಿದ. ಅದನ್ನು ಕೇಳಿಕೊಂಡೆ, ಆದರೆ ಕೆದಕಲಿಲ್ಲ. ಎಲ್ಲದರ ಬೇರನ್ನೂ ಬಾಲ್ಯದಲ್ಲೇ ಹುಡುಕಬೇಕೆನ್ನುವವರ ಜೊತೆ ನನಗೆ ಜಗಳವಿಲ್ಲ. ಆದರೆ ಮುಂದಿನ ವಾರ ಕಛೇರಿಯಿರುವವನಿಗೆ ಮುಂದಿನ ವಾರಕ್ಕೆ ಆಗುವಂಥದ್ದನ್ನು ಮೊದಲು ಕೊಡಬೇಕೆಂಬುದು ನನ್ನ ನಿಲುವು.

ಇದರ ನಡುವೆ ಅವನ ಹೊಟ್ಟೆಯಲ್ಲಿ ಒಂದು ಗುಟ್ಟು ಬೇರೆ ಇತ್ತು. ಚೆಲ್ಲೋ ವಾದಕ ಒಂದು ಆರ್ಕೆಸ್ಟ್ರಾದ ಕೆಲಸಕ್ಕೆ ಅರ್ಜಿ ಹಾಕಿದ್ದ. ಬ್ರಿಟನ್ನಿನಲ್ಲಿ ಆಡಿಷನ್, ಅಂದರೆ ನುಡಿಸಿ ತೋರಿಸುವ ಆಯ್ಕೆ ಪರೀಕ್ಷೆ, ಗೆದ್ದ ಕೂಡಲೇ ಕೆಲಸ ಸಿಗುವುದಿಲ್ಲ. 'ಟ್ರಯಲ್' ಎಂದು ಕರೆದು, ಆಗಾಗ ಆರ್ಕೆಸ್ಟ್ರಾದೊಳಗೆ ಕೂರಿಸಿ ನುಡಿಸಿ ನೋಡುತ್ತಾರೆ, ಅದು ತಿಂಗಳುಗಟ್ಟಲೆ ಎಳೆಯಬಹುದು. ಪಿಯಾನೋ ವಾದಕಿಯ ಕಣ್ಣು ಜರ್ಮನಿಯ ಮ್ಯೂನಿಕ್‌ನಲ್ಲಿ ನಡೆಯುವ ಎ.ಆರ್.ಡಿ. ಎಂಬ ಅಂತರರಾಷ್ಟ್ರೀಯ ಸಂಗೀತ ಸ್ಪರ್ಧೆಯ ಮೇಲಿತ್ತು. 1952ರಿಂದ ನಡೆದು ಬಂದಿರುವ ಆ ಸ್ಪರ್ಧೆಯಲ್ಲಿ ವಾದ್ಯಗಳು ಸರದಿಯ ಮೇಲೆ ಬರುತ್ತವೆ, ಪಿಯಾನೋ ಟ್ರಯೋ ವಿಭಾಗ ಪ್ರತಿವರ್ಷ ಇರುವುದಿಲ್ಲ, ವಯಸ್ಸಿನ ಮಿತಿಯೂ ಉಂಟು. ಒಮ್ಮೆ ತಪ್ಪಿದರೆ ಮತ್ತೊಂದು ಅವಕಾಶವಿಲ್ಲದೆ ಹೋಗಬಹುದು. ಒಬ್ಬಳು ಸ್ಪರ್ಧೆಗಾಗಿ ದಿನಗಳನ್ನು ಗುರುತು ಹಾಕುತ್ತಿದ್ದಳು, ಇನ್ನೊಬ್ಬ ಅವೇ ದಿನಗಳನ್ನು ಆರ್ಕೆಸ್ಟ್ರಾಕ್ಕೆ ಕೊಡುತ್ತಿದ್ದ, ನಡುವೆ ಇವನು ತಾಲೀಮುಗಳನ್ನು ಏನೇನೋ ನೆಪ ಹೇಳಿ ಮುಂದೂಡುತ್ತಿದ್ದ.

ಮೂವರೂ ಒಮ್ಮೆ ಬರಲಿ ಎಂದು ನಾನೇ ಹೇಳಿದೆ. ಒಬ್ಬರನ್ನು ನೋಡುತ್ತಿರುವ ಸಲಹೆಗಾರರು ಅವರ ಸಂಗಡಿಗರನ್ನೂ ಕೂರಿಸಿಕೊಳ್ಳಬಾರದು ಎನ್ನುವ ಸಹೋದ್ಯೋಗಿಗಳಿದ್ದಾರೆ. ಅವರ ಆಕ್ಷೇಪಕ್ಕೆ ಕಾರಣವಿದೆ, ಆದ್ದರಿಂದಲೇ ಮೊದಲೇ ಷರತ್ತು ಹಾಕಿದೆ: ಒಂದೇ ಭೇಟಿ, ಮತ್ತು ಇವನಿಂದ ತಿಳಿದ ಯಾವುದನ್ನೂ ನಾನು ಅಲ್ಲಿ ಎತ್ತುವುದಿಲ್ಲ. ಅವನದಲ್ಲದ ಗುಟ್ಟನ್ನು ಅವನೂ ಎತ್ತಬಾರದು, ಎತ್ತುವುದಾದರೆ ಗುಟ್ಟಿನ ಒಡೆಯನೇ ಎತ್ತಲಿ ಎಂದೆ. ಅವರ ನಡುವೆ ನಾನೂ ಇನ್ನೊಬ್ಬ ಸುದ್ದಿವಾಹಕಿಯಾಗಲು ನನಗೆ ಇಷ್ಟವಿರಲಿಲ್ಲ.

ಆ ದಿನ ಮೊದಲ ಕಾಲು ಗಂಟೆ ಎಲ್ಲರೂ ಸೌಜನ್ಯದ ಮೂರ್ತಿಗಳು. ಪಿಯಾನೋ ವಾದಕಿ, "ಈಚೆಗೆ ತಾಲೀಮು ಸರಿಯಾಗಿ ನಡೆಯುತ್ತಿಲ್ಲ" ಎಂದಳು. ಚೆಲ್ಲೋ ವಾದಕ ಬಾಯಿ ತೆರೆಯುವ ಮೊದಲೇ ವಯೋಲಿನ್ ವಾದಕ, "ಅವಳು ಹೇಳುತ್ತಿರುವುದು ಏನೆಂದರೆ" ಎಂದು ಶುರುಮಾಡಿದ. ಅವನನ್ನು ತಡೆದು, ಇನ್ನು ಹತ್ತು ನಿಮಿಷ ನೀವು ಮಾತಾಡಬಾರದು, ತಲೆಯನ್ನೂ ಆಡಿಸಬಾರದು ಎಂದೆ. ಒಪ್ಪಿದ. ಉಳಿದಿಬ್ಬರೂ ಮಾತಿನ ನಡುವೆ ಅಭ್ಯಾಸಬಲದಿಂದ ಇವನ ಮುಖ ನೋಡುತ್ತಿದ್ದರು. ಇವನು ನೆಲ ನೋಡುತ್ತ ಕೂತಿದ್ದ. ಅವರ ಮಾತು ಎರಡು ಸಲ ಪೂರ್ತಿ ನಿಂತುಹೋಯಿತು. ಕೊನೆಗೆ ಚೆಲ್ಲೋ ವಾದಕ ಅವಳ ಕಡೆ ತಿರುಗಿ, ತಾನು ಆರ್ಕೆಸ್ಟ್ರಾವೊಂದರಲ್ಲಿ ಟ್ರಯಲ್ ಮೇಲಿರುವುದಾಗಿಯೂ ತಿಂಗಳ ಬಾಡಿಗೆ ಕಟ್ಟುವುದು ಕಷ್ಟವಾಗಿರುವುದಾಗಿಯೂ ಹೇಳಿಬಿಟ್ಟ.

ಅವಳು ಅವನ ಮೇಲೆ ಸಿಟ್ಟಾಗಲಿಲ್ಲ. ವಯೋಲಿನ್ ವಾದಕನ ಕಡೆ ತಿರುಗಿ, "ನಿನಗೆ ಯಾವಾಗಿನಿಂದ ಗೊತ್ತಿತ್ತು?" ಎಂದಳು. ಇವನು ನನ್ನತ್ತ ನೋಡಿದ. ಉತ್ತರ ಕೊಡಿ ಎಂದೆ. ನಾಲ್ಕು ತಿಂಗಳಿನಿಂದ ಎಂದ. "ಹಾಗಾದರೆ ನಾಲ್ಕು ತಿಂಗಳಿನಿಂದ, ನಿಜ ಕೇಳಿಸಿಕೊಳ್ಳುವ ಶಕ್ತಿ ನನಗಿಲ್ಲ ಎಂದು ನೀನೇ ತೀರ್ಮಾನ ಮಾಡಿ ಇಟ್ಟುಕೊಂಡಿದ್ದೆ" ಎಂದಳು. ಧ್ವನಿ ಏರಿರಲಿಲ್ಲ. ನಂತರ ಚೆಲ್ಲೋ ವಾದಕನನ್ನು, "ಟ್ರಯಲ್ ಯಾವ ಯಾವ ವಾರಗಳಲ್ಲಿದೆ?" ಎಂದು ಕೇಳಿ ಡೈರಿ ತೆಗೆದಳು. ಇಬ್ಬರೂ ತಾರೀಖುಗಳನ್ನು ಹೊಂದಿಸುತ್ತ ಕೂತರು. ಒಟ್ಟಿಗೆ ತಾಲೀಮು ಮಾಡಬಹುದಾದ ದಿನಗಳು ಅವರು ಅಂದುಕೊಂಡದ್ದಕ್ಕಿಂತ ಹೆಚ್ಚಿದ್ದವು. ಸ್ಪರ್ಧೆಯ ಅರ್ಜಿಯ ಗಡುವು ಮಾತ್ರ ಹೊಂದಲಿಲ್ಲ. ಅದನ್ನು ಕಂಡು ಅವಳ ಮುಖ ಸಣ್ಣದಾಯಿತು, ಆದರೆ ಅದನ್ನು ಅವಳು ಡೈರಿಯಲ್ಲಿ ಕಣ್ಣಾರೆ ಕಂಡು ತಿಳಿದುಕೊಂಡಳು.

ನಾಲ್ಕು ತಿಂಗಳಿನ ಬಗ್ಗೆ ಅವಳು ಆಡಿದ ಆ ಮಾತು ವಯೋಲಿನ್ ವಾದಕನಿಗೆ ನಾಟಿತು. ಮುಂದಿನ ಭೇಟಿಗೆ ಬಂದವನು, "ಇಬ್ಬರಿಗೂ ನೋವಾಗದಿರಲಿ ಎಂದೇ ಅಲ್ಲವೇ ನಾನು ಇಷ್ಟೆಲ್ಲ ಮಾಡಿದ್ದು" ಎಂದ. ಹೌದು, ಅದರಲ್ಲಿ ಸಂಶಯವಿಲ್ಲ. ಆದರೆ ನಡುವೆ ನಿಲ್ಲುವವರ ಒಳ್ಳೆಯತನದಲ್ಲಿ ಒಂದು ಬಗೆಯ ತಾತ್ಸಾರ ಅಡಗಿರುತ್ತದೆ ಎಂದು ನಾನು ನಂಬುತ್ತೇನೆ. ಅವರಿಬ್ಬರೂ ದೊಡ್ಡವರು, ತಮ್ಮ ಜಗಳವನ್ನು ತಾವೇ ಆಡಬಲ್ಲರು ಎಂಬ ವಿಶ್ವಾಸ ಅದರಲ್ಲಿ ಇರುವುದಿಲ್ಲ. ಇದನ್ನು ಅವನಿಗೆ ಇಷ್ಟೇ ನೇರವಾಗಿ ಹೇಳಿದೆ. ನಾನು ಕಠಿಣಳಾದೆನೆಂದು ಓದುವವರಿಗೆ ಅನ್ನಿಸಬಹುದು. ಪಿಯಾನೋ ವಾದಕಿ ಆಗಲೇ ಹೇಳಿದ್ದನ್ನು ನಾನು ಮೆದುಗೊಳಿಸಿ ಹೇಳಿದ್ದರೆ, ಅವನನ್ನು ಯಾವುದರಿಂದ ಬಿಡಿಸಬೇಕಾಗಿತ್ತೋ ಅದನ್ನೇ ಮಾಡಿದಂತಾಗುತ್ತಿತ್ತು.

ಕೊಟ್ಟ ಸಲಹೆ ದೊಡ್ಡದೇನಲ್ಲ. ಯಾರಾದರೂ "ಅವಳಿಗೆ ಹೇಳಬೇಡ" ಎಂದು ಶುರುಮಾಡಿದರೆ ಅಲ್ಲಿಯೇ ತಡೆದು, ಗುಂಪಿನಲ್ಲಿ ಬರೆ, ಇಲ್ಲವೇ ತಾಲೀಮಿಗೆ ಮೊದಲು ಅವಳ ಮುಂದೆ ಹೇಳು ಎನ್ನಬೇಕು. ಮೊದಲ ಕೆಲವು ವಾರ ಇದರಿಂದ ಇಬ್ಬರಿಗೂ ಬೇಸರವಾಗುತ್ತದೆ, ಆಗಲಿ. ಪ್ರತಿ ತಾಲೀಮಿನಲ್ಲೂ ಉಳಿದಿಬ್ಬರ ಮಾತು ಕೇಳುವ ಮೊದಲೇ ತನ್ನದೊಂದು ಅಭಿಪ್ರಾಯವನ್ನು ಬಾಯಿಬಿಟ್ಟು ಹೇಳಬೇಕು. ಅದು ತಪ್ಪಾದರೂ ಚಿಂತೆಯಿಲ್ಲ. ಒಪ್ಪಿಕೊಂಡ ಕಛೇರಿಗಳು ಮುಗಿಯುವವರೆಗೆ ಟ್ರಯೋ ಬಿಡುವ ವಿಚಾರವನ್ನು ಬದಿಗಿಡಬೇಕು, ಏಕೆಂದರೆ ಅವನು ಇದುವರೆಗೆ ಆ ತಂಡದಲ್ಲಿ ವಯೋಲಿನ್ ವಾದಕನಾಗಿ ಇದ್ದೇ ನೋಡಿರಲಿಲ್ಲ.

ಕೊನೆಯದಾಗಿ, ಬರಹದಲ್ಲಿ ಒಂದು ಕರಾರು ಮಾಡಿಕೊಳ್ಳಿ ಎಂದೆ. ಆಪ್ತಸಲಹೆಗಾರ್ತಿಗೆ ಕರಾರುಪತ್ರದ ಉಸಾಬರಿ ಏಕೆ ಎಂದು ನನ್ನನ್ನು ಕೇಳಿದವರಿದ್ದಾರೆ. ಮಾತಿನಲ್ಲಿ ಇತ್ಯರ್ಥವಾಗದ ಹಣ, ಖರ್ಚು, ರಜೆಗಳೇ ಮನಸ್ಸಿನ ತೊಂದರೆಯ ವೇಷದಲ್ಲಿ ನನ್ನ ಬಳಿಗೆ ಬರುತ್ತವೆ, ಅದಕ್ಕೆ. ಇಂಗ್ಲೆಂಡಿನಲ್ಲಿ ಹೀಗೆ ಸೇರಿ ದುಡಿಯುವವರು ತಮಗೆ ಅರಿವಿಲ್ಲದೆಯೇ ಪಾಲುದಾರರಾಗಿಬಿಡಬಹುದು. ಕರಾರಿಲ್ಲದಿದ್ದರೆ 1890ರ ಪಾಲುದಾರಿಕೆ ಕಾಯ್ದೆಯ ಪ್ರಕಾರ ಲಾಭನಷ್ಟ ಎಲ್ಲರಿಗೂ ಸಮ, ಯಾರೊಬ್ಬರು ನೋಟಿಸ್ ಕೊಟ್ಟರೂ ಪಾಲುದಾರಿಕೆ ಮುಗಿಯಿತು. ಚೆಲ್ಲೋವಿನ ಸೀಟು, ಪಿಯಾನೋ ಇರುವ ಮನೆ, ಹೊರಗಿನ ಕೆಲಸ ಒಪ್ಪಿಕೊಳ್ಳುವ ಮೊದಲು ಎಷ್ಟು ದಿನ ಮುಂಚೆ ತಿಳಿಸಬೇಕು, ಬಿಟ್ಟು ಹೋಗುವವರು ಎಷ್ಟು ಕಾಲ ನಿಂತು ನುಡಿಸಿಕೊಡಬೇಕು, ಇವೆಲ್ಲ ಕಾಗದಕ್ಕೆ ಬರಲಿ ಎಂದೆ. ಸಂಗೀತಗಾರರ ಒಕ್ಕೂಟ ತನ್ನ ಸದಸ್ಯರಿಗೆ ಈ ವಿಷಯದಲ್ಲಿ ನೆರವು ಕೊಡುತ್ತದೆ, ಅಲ್ಲಿಗೆ ಕಳಿಸಿದೆ.

ಬಿಟ್ಟು ಹೋಗುವ ಮಾತನ್ನೇ ಕರಾರಿನಲ್ಲಿ ಬರೆದರೆ ಒಡಕಿಗೆ ನಾವೇ ಬಾಗಿಲು ತೆರೆದಂತಲ್ಲವೇ ಎಂದು ಅವನಿಗೆ ಅಂಜಿಕೆಯಿತ್ತು. ಹೆಸರಾಂತ ಪಿಯಾನೋ ಟ್ರಯೋ ತಂಡವಾದ ಬೋ ಆರ್ಟ್ಸ್ ಟ್ರಯೋದ ಉದಾಹರಣೆ ಕೊಟ್ಟೆ. 1955ರಲ್ಲಿ ಹುಟ್ಟಿ 2008ರವರೆಗೆ ನಡೆದ ಆ ತಂಡದಲ್ಲಿ ಮೊದಲಿನಿಂದ ಕೊನೆಯವರೆಗೆ ಇದ್ದವರು ಪಿಯಾನೋ ವಾದಕ ಮೆನಾಹೆಮ್ ಪ್ರೆಸ್ಲರ್ ಒಬ್ಬರೇ. ಆ ಅವಧಿಯಲ್ಲಿ ಐವರು ವಯೋಲಿನ್ ವಾದಕರು, ಮೂವರು ಚೆಲ್ಲೋ ವಾದಕರು ಬಂದು ಹೋದರು. ಐವತ್ತಕ್ಕೂ ಹೆಚ್ಚು ವರ್ಷ ಬಾಳಿದ ತಂಡದಿಂದಲೂ ಜನ ಹೊರಟರು, ಹೊರಟ ಮೇಲೂ ತಂಡ ಉಳಿಯಿತು.

ಇದನ್ನು ಬರೆಯುವ ಹೊತ್ತಿಗೆ ಚೆಲ್ಲೋ ವಾದಕನ ಟ್ರಯಲ್ ಇನ್ನೂ ಮುಗಿದಿಲ್ಲ, ಮ್ಯೂನಿಕ್ ಸ್ಪರ್ಧೆಯನ್ನು ಅವರು ಕೈಬಿಟ್ಟಿದ್ದಾರೆ, ನನ್ನ ಹತ್ತಿರ ಬಂದವನಿಗೆ ನಿದ್ದೆ ಬರುತ್ತಿದೆ, ದವಡೆ ನೋವು ಪೂರ್ತಿ ಹೋಗಿಲ್ಲ. ಕರಾರಿನ ಕಲಮುಗಳಲ್ಲಿ ಒಂದನ್ನು ಬಿಟ್ಟು ಉಳಿದೆಲ್ಲಕ್ಕೂ ಸಹಿಯಾಗಿದೆ. ಒಬ್ಬರು ಹೊರಟರೆ ಟ್ರಯೋದ ಹೆಸರು ಯಾರ ಬಳಿ ಉಳಿಯಬೇಕು ಎಂಬುದು ತೀರ್ಮಾನವಾಗದೆ ಜಗಳ ನಡೆದಿದೆ. ಈ ಸಲ ವಯೋಲಿನ್ ವಾದಕ ಪಿಯಾನೋ ವಾದಕಿಯ ಪಕ್ಷ. ಚೆಲ್ಲೋ ವಾದಕನಿಗೆ ಅದನ್ನು ಗುಂಪಿನಲ್ಲಿಯೇ ಬರೆದು ತಿಳಿಸಿದ್ದಾನೆ.