ಓದುಗರ ಪ್ರಶ್ನೆ: ರೋಮನ್ ನಾಣ್ಯದ ತಕ್ಕಡಿ, ಕಿರೀಟ, ಇಸವಿ

ಪ್ರಶ್ನೆ: ರೋಮನ್ ಬೆಳ್ಳಿ ನಾಣ್ಯದ ಹಿಂಬದಿಯಲ್ಲಿ ತಕ್ಕಡಿ ಹಿಡಿದು ನಿಂತವಳು ನ್ಯಾಯದೇವತೆಯೇ?

ಉತ್ತರ: ಸಾಮಾನ್ಯವಾಗಿ ಅಲ್ಲ. ನ್ಯಾಯದೇವತೆ ಯುಸ್ಟಿಟಿಯಾಳ ಕೈಯಲ್ಲಿ ಹೆಚ್ಚಾಗಿ ಇರುವುದು ಬಟ್ಟಲು ಮತ್ತು ರಾಜದಂಡ. ಒಂದು ಕೈಯಲ್ಲಿ ತಕ್ಕಡಿ, ಇನ್ನೊಂದರಲ್ಲಿ ಹಣ್ಣುಹಂಪಲು ತುಂಬಿದ ಕೊಂಬು ಇದ್ದರೆ ಅವಳು ಏಕ್ವಿಟಾಸ್, ಇಲ್ಲವೇ ಮೊನೆಟಾ. ಮೊದಲನೆಯವಳು ಮೋಸವಿಲ್ಲದ ವ್ಯವಹಾರಕ್ಕೆ, ಎರಡನೆಯವಳು ಟಂಕಸಾಲೆಗೆ ಅಧಿದೇವತೆ. ರೂಪ ನೋಡಿ ಇಬ್ಬರನ್ನು ಬೇರ್ಪಡಿಸಲು ಬರುವುದಿಲ್ಲ, ಸುತ್ತಲಿನ ಅಕ್ಷರಗಳನ್ನೇ ಓದಬೇಕು. ಓದುವಾಗ 'ಯು' ಇರಬೇಕಾದಲ್ಲಿ 'ವಿ' ಕೊರೆದಿರುತ್ತಾರೆಂಬುದು ನೆನಪಿರಲಿ. ಹೆಸರೇ ಇಲ್ಲದೆ ಬರೀ ಚಕ್ರವರ್ತಿಯ ಬಿರುದುಗಳಿದ್ದರೆ ಯಾರೆಂದು ಹಟ ಹಿಡಿಯದಿರುವುದೇ ಲೇಸು.

ಮಿಕ್ಕವರು ಇಷ್ಟು ಸತಾಯಿಸುವುದಿಲ್ಲ. ಹಡಗಿನ ಚುಕ್ಕಾಣಿ ಹಿಡಿದವಳು ಅದೃಷ್ಟದೇವತೆ ಫೋರ್ಟುನಾ, ಹಾವಿಗೆ ಉಣಿಸುವವಳು ಆರೋಗ್ಯದೇವತೆ ಸಾಲುಸ್, ಹೂ ಹಿಡಿದು ಉಡುಪಿನ ಅಂಚನ್ನು ತುಸು ಎತ್ತಿಕೊಂಡವಳು ಭರವಸೆಯ ದೇವತೆ ಸ್ಪೆಸ್. ಸ್ವಾತಂತ್ರ್ಯದೇವತೆ ಲಿಬರ್ಟಾಸ್ ಹಿಡಿದಿರುವುದು ಬಿಡುಗಡೆಯಾದ ಗುಲಾಮರು ತೊಡುತ್ತಿದ್ದ ಟೋಪಿ. ನಾಣ್ಯ ಸವೆದಿದ್ದರೆ ಅದು ಬರೀ ಉಂಡೆಯಂತೆ ಕಾಣುತ್ತದೆ.

ಅಂದಹಾಗೆ, ಮೂರನೆಯ ಶತಮಾನದ ಚಕ್ರವರ್ತಿ ಗ್ಯಾಲಿಯೆನಸ್‌ನ ಕೊನೆಯ ವರ್ಷಗಳಲ್ಲಿ ನಾಣ್ಯದ ಬೆಳ್ಳಿ ಶೇ. 5ಕ್ಕಿಂತಲೂ ಕೆಳಗಿಳಿದಿತ್ತು. ಏಕ್ವಿಟಾಸ್ ಮಾತ್ರ ಅವನ ನಾಣ್ಯಗಳ ಮೇಲೂ ತಕ್ಕಡಿ ಹಿಡಿದೇ ನಿಂತಿದ್ದಾಳೆ!

ಪ್ರಶ್ನೆ: ಕೆಲವು ಚಕ್ರವರ್ತಿಗಳ ತಲೆಯ ಮೇಲೆ ಎಲೆಗಳ ಬದಲು ಸೂರ್ಯಕಿರಣದಂಥ ಮುಳ್ಳುಗಳೇಕೆ?

ಉತ್ತರ: ಅದು ಇಮ್ಮಡಿ ಬೆಲೆಯ ಗುರುತು. ಆಸ್ ಎಂಬ ತಾಮ್ರದ ನಾಣ್ಯ ಎರಡಕ್ಕೆ ಸಮನಾದ ಹಿತ್ತಾಳೆಯ ಡುಪಾಂಡಿಯಸ್ ಗಾತ್ರದಲ್ಲಿ ಆಸ್‌ನಷ್ಟೇ ಇರುತ್ತಿತ್ತು. ಮಣ್ಣಲ್ಲಿ ಹೂತು ಲೋಹದ ಬಣ್ಣ ಕೆಟ್ಟಿದ್ದರೆ ಇಂದು ಎರಡನ್ನೂ ಬೇರ್ಪಡಿಸಲು ಕಿರೀಟವೇ ಆಸರೆ. ಚಕ್ರವರ್ತಿ ಕ್ಯಾರಕಲ್ಲಾ ಕ್ರಿ.ಶ. 215ರಲ್ಲಿ ತಂದ ಆಂಟೋನಿನಿಯಾನಸ್ ಎಂಬ ಬೆಳ್ಳಿ ನಾಣ್ಯಕ್ಕೂ ಇದೇ ಕಿರೀಟ. ಅದನ್ನು ಎರಡು ಡಿನೇರಿಯಸ್ (ರೋಮನ್ನರ ಹಳೆಯ ಬೆಳ್ಳಿ ನಾಣ್ಯ) ಎಂದು ಎಣಿಸುತ್ತಿದ್ದರೆಂದೇ ಹೆಚ್ಚಿನವರ ಅಭಿಪ್ರಾಯ, ಆದರೆ ತೂಕ ಸುಮಾರು ಒಂದೂವರೆಯದ್ದಷ್ಟೇ. ರಾಣಿಯರಿಗೆ ಕಿರಣಗಳಿಲ್ಲ, ಅವರ ಎದೆಚಿತ್ರದ ಕೆಳಗೆ ಅರ್ಧಚಂದ್ರ ನೋಡಿ.

ಪ್ರಶ್ನೆ: ಇಸವಿಯೇ ಇಲ್ಲದ ನಾಣ್ಯದ ಕಾಲ ತಿಳಿಯುವುದು ಹೇಗೆ?

ಉತ್ತರ: ಬಿರುದುಗಳಿಂದ. 'ಟಿಆರ್ ಪಿ' ಎಂಬುದು ವರ್ಷವರ್ಷವೂ ನವೀಕರಿಸುತ್ತಿದ್ದ, ಚಕ್ರವರ್ತಿಯ ಟ್ರಿಬ್ಯೂನ್ (ಜನಪ್ರತಿನಿಧಿ) ಅಧಿಕಾರ. ಅದರ ಮುಂದೆ ಅಂಕಿಯಿದ್ದರೆ ಒಂದು ವರ್ಷದ ಅವಧಿಯೇ ಸಿಕ್ಕಂತೆ. ಆ ಅಂಕಿ ನಾಲ್ಕಾದರೆ IV ಬದಲು ನಾಲ್ಕು ಗೀಟು (IIII) ಹಾಕಿರುವುದೇ ಹೆಚ್ಚು. 'ಸಿಒಎಸ್' ಎಂದರೆ ಕಾನ್ಸಲ್ ಎಂಬ ಉನ್ನತ ಅಧಿಕಾರಿಯ ಪದವಿ. ಅದರ ಎಣಿಕೆ ಮತ್ತೊಮ್ಮೆ ಕಾನ್ಸಲ್ ಆಗುವವರೆಗೂ ಬದಲಾಗದು. ಚಕ್ರವರ್ತಿ ಟ್ರಾಜನ್ ನಾಣ್ಯಗಳಲ್ಲಿ ಟ್ರಿಬ್ಯೂನ್ ಅಂಕಿ ಸಾಮಾನ್ಯವಾಗಿ ಇರುವುದಿಲ್ಲ. ಹಾಗಾಗಿ ಅವನ ಐದನೆಯ ಕಾನ್ಸಲ್ ಪದವಿಯ ನಾಣ್ಯ ಕ್ರಿ.ಶ. 103ರಿಂದ 111ರ ನಡುವೆ ಯಾವಾಗಲಾದರೂ ಅಚ್ಚಾಗಿರಬಹುದು. ಆರನೆಯದಾದರೆ 112ಕ್ಕಿಂತ ಹಿಂದಿನದಲ್ಲ.