ಅದಿರಿನ ಧೂಳು ಮತ್ತು ಕಪ್ಪು ಕಾರು

ಪ್ರಶ್ನೆ: ನಮ್ಮದು ಕಪ್ಪು ಕಾರು. ಕೆಲಸಕ್ಕೆ ಬಳ್ಳಾರಿಯಿಂದ ತೋರಣಗಲ್ಲಿಗೆ ದಿನಾ ಓಡಾಡುತ್ತೇನೆ. ಬೆಳಿಗ್ಗೆ ಬಟ್ಟೆಯಿಂದ ಒರೆಸಿಯೇ ಗಾಡಿ ತೆಗೆಯುತ್ತೇನೆ, ಆದರೂ ಬಿಸಿಲಲ್ಲಿ ನೋಡಿದರೆ ಬಾನೆಟ್ ತುಂಬಾ ಸುತ್ತುಸುತ್ತಾದ ಸಣ್ಣ ಗೀರುಗಳು. ಬಾಗಿಲಿಗೆ ಬೈಕ್ ತಾಗಿದ ಒಂದು ಗೀರೂ ಇದೆ. ಮನೆಯಲ್ಲೇ ಪಾಲಿಷ್ ಮಾಡಬಹುದಾ? ಟೂತ್‌ಪೇಸ್ಟ್ ಹಚ್ಚಿದರೆ ಹೋಗುತ್ತದೆ ಅಂತಾರೆ, ನಿಜಾನಾ?
– ಓದುಗರೊಬ್ಬರು, ಬಳ್ಳಾರಿ

ಉತ್ತರ: ಖಂಡಿತ ಮಾಡಬಹುದು ಸರ್. ಆದರೆ ಮೊದಲು ಆ ಬೆಳಗಿನ ಒಣ ಬಟ್ಟೆ ಬಿಡಿ. ಬಾನೆಟ್ ಮೇಲಿನ ಗೀರುಗಳು ಹೆಚ್ಚಿನಂಶ ಅದರಿಂದಲೇ ಬಂದಿರುವುದು. ಅದಿರಿನ ಲಾರಿ ಓಡಾಡುವ ರಸ್ತೆಯ ಕೆಂಪು ಧೂಳಿನಲ್ಲಿ ಗಟ್ಟಿ ಕಣಗಳಿರುತ್ತವೆ, ಜೊತೆಗೆ ಮರಳು ಬೇರೆ. ಅದರ ಮೇಲೆ ಬಟ್ಟೆ ಒತ್ತಿ ಎಳೆದರೆ ಉಜ್ಜುಕಾಗದದಿಂದ ತಿಕ್ಕಿದ ಹಾಗೇ ಅಲ್ವಾ?

ಇನ್ನೊಂದು ವಿಷಯ ಗೊತ್ತಿರಲಿ. ಬಣ್ಣದ ಮೇಲೆ ಕ್ಲಿಯರ್ ಕೋಟ್ ಅಂತ ಪಾರದರ್ಶಕ ಪದರ ಇರುತ್ತದೆ, ಸುಮಾರು 40 ಮೈಕ್ರಾನ್ ದಪ್ಪ, ಅಂದರೆ ಸಾಮಾನ್ಯವಾಗಿ ತಲೆಗೂದಲಿಗಿಂತ ತೆಳು. ಕಾಂಪೌಂಡ್ ಅಂದರೆ ಸಣ್ಣ ಪುಡಿ ಇರುವ, ಉಜ್ಜುವ ಪಾಲಿಷ್ ಪೇಸ್ಟ್. ಅದು ಗೀರನ್ನು ತುಂಬುವುದಿಲ್ಲ, ಗೀರಿನ ಸುತ್ತಲಿನ ಪದರವನ್ನೇ ಸವೆಸಿ ಮಟ್ಟ ಮಾಡುತ್ತದೆ. ಸವೆದದ್ದು ಮತ್ತೆ ಬರಲ್ಲ. ಹಾಗಾಗಿ ತಿಂಗಳಿಗೊಮ್ಮೆ ಕಾಂಪೌಂಡ್ ಉಜ್ಜುವ ಚಟ ಬೇಡ.

ಕೆಲಸ ನೆರಳಲ್ಲಿ, ಬಾನೆಟ್ ಪೂರ್ತಿ ತಣ್ಣಗಾದ ಮೇಲೆ ಶುರು ಮಾಡಿ. ನಮ್ಮ ಬೇಸಿಗೆಯಲ್ಲಿ ಬೆಳಗಿನ ಜಾವವೇ ಒಳ್ಳೆಯದು. ಮೊದಲು ಬರೀ ನೀರು ಹೊಡೆದು ಧೂಳು ಇಳಿಸಿ, ಆಮೇಲೆ ಕಾರ್ ಶಾಂಪೂ ಹಾಕಿ ಮೇಲಿನಿಂದ ಕೆಳಕ್ಕೆ ತೊಳೆಯಿರಿ. ಎರಡು ಬಕೆಟ್ ಇಟ್ಟುಕೊಳ್ಳಿ, ಒಂದರಲ್ಲಿ ಶಾಂಪೂ ನೀರು, ಇನ್ನೊಂದು ಬಟ್ಟೆ ಜಾಲಿಸಲಿಕ್ಕೆ. ಪಾತ್ರೆ ಸೋಪು ಬೇಡ, ವ್ಯಾಕ್ಸ್ ಕಿತ್ತು ಹಾಕುತ್ತದೆ. ಬೋರ್‌ವೆಲ್ ನೀರಾದರೆ ಕೂಡಲೇ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ, ಇಲ್ಲದಿದ್ದರೆ ಬಿಳಿ ಕಲೆ ಕೂರುತ್ತದೆ.

ಈಗ ತೆಳು ಪ್ಲಾಸ್ಟಿಕ್ ಕವರಿನೊಳಗೆ ಕೈ ಹಾಕಿ ಬಾನೆಟ್ ಮೇಲೆ ಹಗುರಾಗಿ ಸವರಿ. ಬರಿಗೈಗೆ ನುಣುಪಾಗಿದ್ದದ್ದು ಈಗ ತರಿತರಿಯಾಗಿ ಸಿಕ್ಕರೆ ಪೇಂಟಿಗೆ ಕಣಗಳು ಅಂಟಿಕೊಂಡಿವೆ ಅಂತ ಅರ್ಥ. ಅದಕ್ಕೆ ಕ್ಲೇ ಬಾರ್ ಬೇಕು, ಅಂದರೆ ಕಣಗಳನ್ನು ಎತ್ತಿಕೊಳ್ಳುವ ಮೆತ್ತನೆಯ ಜೇಡಿಯಂಥ ತುಂಡು. ಶಾಂಪೂ ನೀರು ಚಿಮುಕಿಸಿ ಒತ್ತದೆ ಜಾರಿಸಿ. ಕೈ ಜಾರಿ ನೆಲಕ್ಕೆ ಬಿತ್ತೋ, ಆ ತುಂಡು ಎಸೆದುಬಿಡಿ, ಮರಳು ಮೆತ್ತಿಕೊಂಡಿರುತ್ತದೆ.

ಆಮೇಲೆ ಪಾಲಿಷ್. ಕಪ್ಪು ಪ್ಲಾಸ್ಟಿಕ್, ರಬ್ಬರ್ ಬೀಡಿಂಗ್ ಮೇಲೆಲ್ಲ ಮಾಸ್ಕಿಂಗ್ ಟೇಪ್ ಹಚ್ಚಿ, ಅಲ್ಲಿ ಕೂತ ಬಿಳಿ ಕಲೆ ಸುಲಭಕ್ಕೆ ಹೋಗಲ್ಲ. ಸಣ್ಣ ಜಾಗದಲ್ಲಿ ಮೊದಲು ಪರೀಕ್ಷೆ ಮಾಡಿ. ಪ್ಯಾಡ್ ಮೇಲೆ ಕಡಲೆಕಾಳಿನಷ್ಟು ಮೂರ್ನಾಲ್ಕು ಹನಿ ಹಾಕಿ, ಒಂದೂವರೆ ಅಡಿ ಚೌಕ ಮಾತ್ರ ಉಜ್ಜಿ, ಒರೆಸಿ, ನೋಡಿ, ಮುಂದಕ್ಕೆ ಹೋಗಿ. ಕೈಯಲ್ಲಿ ಮಾಡಿದರೆ ಎಲ್ಲಾ ಸುತ್ತುಗೀರು ಹೋಗಲ್ಲ, ಆದರೆ ಹೊಳಪಿನಲ್ಲಿ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಮೆಷಿನ್ ಬೇಕಾದರೆ ಡ್ಯುಯಲ್ ಆಕ್ಷನ್ ಪಾಲಿಷರ್ ತಗೊಳ್ಳಿ, ಅದರ ಪ್ಯಾಡ್ ತಿರುಗುತ್ತಲೇ ಅತ್ತಿತ್ತ ಅಲ್ಲಾಡುತ್ತದೆ. ಕಬ್ಬಿಣ ಕತ್ತರಿಸುವ ಗ್ರೈಂಡರಿಗೆ ಪ್ಯಾಡ್ ಸಿಕ್ಕಿಸಿ ಹೊಡೆಯುವುದು ಬೇಡವೇ ಬೇಡ, ಅಂಚುಗಳಲ್ಲಿ ಪೇಂಟೇ ಸುಟ್ಟು ಹೋಗುತ್ತದೆ. ಕೊನೆಗೆ ವ್ಯಾಕ್ಸ್, ಅದನ್ನು ಎರಡು ಮೂರು ತಿಂಗಳಿಗೊಮ್ಮೆ ಹಚ್ಚಬಹುದು.

ಬೈಕಿನ ಗೀರಿನ ಮೇಲೆ ಉಗುರು ಅಡ್ಡ ಎಳೆದು ನೋಡಿ. ಉಗುರು ತಡೆಯದಿದ್ದರೆ ಕಾಂಪೌಂಡಿಗೆ ಬಗ್ಗುತ್ತದೆ. ಎಷ್ಟೋ ಸಲ ಅದು ಗೀರೇ ಅಲ್ಲ, ಬೈಕಿನ ಬಣ್ಣ ನಿಮ್ಮ ಬಾಗಿಲಿಗೆ ಮೆತ್ತಿರುತ್ತದೆ. ಉಗುರು ಸಿಕ್ಕಿಕೊಂಡರೆ ಸುಮ್ನೆ ಉಜ್ಜಬೇಡಿ, ನಿಮ್ಮ ಕಾರಿನ ಬಣ್ಣಕ್ಕೆ ಕಂಪನಿ ಕೊಟ್ಟ ಕಲರ್ ಕೋಡ್ ನೋಡಿ ಟಚ್‌ಅಪ್ ಪೇಂಟ್ ತರಿಸಿ. ತಗಡು ಕಾಣುತ್ತಿದ್ದರೆ ಮಳೆಗಾಲಕ್ಕೆ ಮುಂಚೆ ಮಾಡಿಸಿ, ತುಕ್ಕು ಹಿಡಿದರೆ ಖರ್ಚು ಜಾಸ್ತಿ.

ಟೂತ್‌ಪೇಸ್ಟ್ ಬೇಡ. ಅದರ ಪುಡಿ ಹಲ್ಲಿಗೆ ಮಾಡಿದ್ದು. ಕಪ್ಪು ಪೇಂಟ್ ಮೇಲೆ ಮಂಕು ಹಿಡಿದರೆ ಅದನ್ನು ತೆಗೆಯಲು ಮತ್ತೆ ಕಾಂಪೌಂಡೇ ಬೇಕಾಗುತ್ತದೆ. ಹಾಗೆಯೇ, ರಾತ್ರಿ ಕಾರಿಗೆ ಕವರ್ ಹಾಕುವವರಾದರೆ ಧೂಳಿನ ಮೇಲೆ ಹಾಕಬೇಡಿ, ಗಾಳಿಗೆ ಕವರ್ ಅಲ್ಲಾಡಿದಷ್ಟೂ ಗೀರು ಬೀಳುತ್ತದೆ.