ಬೋರ್ ನೀರಿನ ಅಕ್ವೇರಿಯಂಗೆ ಯಾವ ಅಲಂಕಾರ?

ಪ್ರಶ್ನೆ: ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಅಕ್ವೇರಿಯಂ ತಂದಿದ್ದೇವೆ. ನಮ್ಮದು ಬೋರ್ ನೀರು, ಕೊಡದೊಳಗೆ ಬಿಳಿ ಕರೆ ಕಟ್ಟುತ್ತದೆ. ಗಪ್ಪಿ ಸಾಕುವ ಆಸೆ. ಬರೀ ಕಲ್ಲು ಜೋಡಿಸುವುದೋ, ಗಿಡ ನೆಡುವುದೋ?
— ಓದುಗರೊಬ್ಬರು, ಬಾಗಲಕೋಟೆ

ಉತ್ತರ: ಬಿಳಿ ಕರೆ ಎಂದರೆ ಗಡಸು ನೀರು. ಗಪ್ಪಿಗೆ ಅದು ಒಗ್ಗುತ್ತದೆ. ಮೆದು ನೀರು ಬೇಡುವ ನಿಯಾನ್ ಟೆಟ್ರಾ ಮೀನಿನ ಕಡೆ ಮಾತ್ರ ಹೋಗಬೇಡಿ. ಬರೀ ಕಲ್ಲಿದ್ದರೆ ಮರಿಗಳಿಗೆ ಅಡಗಲು ಜಾಗವಿಲ್ಲ, ದೊಡ್ಡ ಮೀನುಗಳೇ ನುಂಗಿಬಿಡುತ್ತವೆ. ಆದ್ದರಿಂದ ಎರಡನ್ನೂ ಬೆರೆಸಿ.

ಒರಟು ಉಸುಕು ಸುಮಾರು 12 ಕೆ.ಜಿ. ಬೇಕು. ತಿಳಿನೀರು ಬರುವ ತನಕ ತೊಳೆದು, ಮುಂದೆ 3, ಹಿಂದೆ 6 ಸೆಂ.ಮೀ. ಬರುವಂತೆ ಇಳಿಜಾರಾಗಿ ಹರಡಿ. ಇಳಕಲ್ಲಿನ ಕೆಂಪು ಗ್ರಾನೈಟಿನ ಮೂರು ತುಂಡು ಸಾಕು. ದೊಡ್ಡದನ್ನು ನಟ್ಟನಡುವೆ ಇಡದೆ ಒಂದು ಬದಿಗೆ ಸರಿಸಿ, ಅಲುಗದಂತೆ ಹುಗಿಯಿರಿ. ಹೊಲದ ಕಲ್ಲಾದರೆ ನಾಲ್ಕು ಹನಿ ನಿಂಬೆರಸ ಬಿಟ್ಟು ನೋಡಿ: ನೊರೆ ಬಂದರೆ ಸುಣ್ಣದ ಕಲ್ಲು, ಬೇಡ.

ಹಿಂಬದಿಗೆ ವ್ಯಾಲಿಸ್ನೇರಿಯಾ ಎಂಬ ಉದ್ದೆಲೆಯ ನೀರುಗಿಡ. ಬೇರಷ್ಟೇ ಹೂಳಿ, ಎಲೆ ಹುಟ್ಟುವ ಬುಡ ಹೂತರೆ ಕೊಳೆಯುತ್ತದೆ. ಮೇಲೆ ಹಾರ್ನ್‌ವರ್ಟ್ ಎಂಬ ನೀರುಗಿಡ ತೇಲಿಬಿಡಿ, ಮರಿಗಳಿಗೆ ಅದೇ ಮನೆ. ನೀಲಿ ಬಣ್ಣದ ಖಡಿ ಅಂಗಡಿಯಲ್ಲೇ ಚೆಂದ! ದೀಪ ದಿನಕ್ಕೆ 7 ತಾಸು ಇರಲಿ. ಕಿಟಕಿ ಬಿಸಿಲು ತಾಗಿದರೆ ಗಾಜಿಗೆ ಪಾಚಿ ಹತ್ತುತ್ತದೆ, ಬೇಸಿಗೆಯಲ್ಲಿ ನೀರೂ ಕಾಯುತ್ತದೆ.